ಅಣ್ಣನ ಎಡೆಗೆ ಮಜ್ಜಿಗೆ

ನಮ್ಮಣ್ಣ ಪಂಪಣ್ಣ ಕುಡಿದು ಕುಡಿದು ಲಿವರ್ ಕೆಟ್ಟು, ಹೊಟ್ಟೆ ಉಬ್ಬಿ, ಕಣ್ಣು ಅರಿಸಿನದಂತೆ ಹಳದಿಯಾಗಿ ಸತ್ತ. ನನ್ನ ಲಿವರೂ ಅದೇ ದಾರಿ ಹಿಡಿದಿದೆ ಎಂದು ಡಾಕ್ಟರು ಹೇಳಿದ ದಿನ, ನಾನು ಕುಡಿಯುತ್ತಿದ್ದ ಅಂಚು ನೆಗ್ಗಿದ ಸ್ಟೀಲ್ ಲೋಟವನ್ನು ನಮ್ಮೂರು ಮರಳಿಯ ಕಾಲುವೆಗೆ ಎಸೆದು ಬಂದೆ.

ಈ ಸಲ ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆ ಇಡುವಾಗ ಅವ್ವ ಬ್ರಾಂದಿ ಬಾಟ್ಲಿ ತಂದಳು.

“ಅಂವಗ ಇದು ಭಾಳ ಸೇರ್ತಿತ್ತು, ಇಡಪಾ.”

“ಅಂವನ್ನ ತಿಂದದ್ದು ಇದಽ. ಸತ್ತ ಮ್ಯಾಲೂ ಕುಡಿಸ್ತೀಯೇನವ್ವಾ? ಮಜ್ಜಿಗಿ ಇಡ್ತೀನಿ, ಬೇಕಾದ್ರ ಕುಡೀಲಿ!” ಎಂದು ಬಾಟ್ಲಿಯನ್ನು ಬಚ್ಚಲಿಗೆ ಸುರಿದೆ.

ಅಣ್ಣನ ಫೋಟೋದ ಮುಂದೆ ಒಂದು ಲೋಟ ತುಂಬ ಮಜ್ಜಿಗೆ ಇಟ್ಟು, ಹಿರಿಯರು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಮುಚ್ಚಿ ಹೊರಗೆ ಕುಳಿತೆವು. ಸುಡುವ ಮಧ್ಯಾಹ್ನ. ಒಳಗೆ ನೆಲದ ಬಂಡೆಯ ಮೇಲೆ ಲೋಟ ಎಳೆದಂತೆ ಸದ್ದಾಯಿತು. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಬಂದು ಕಾಲಿಗೆ ತಾಗಿತು. ಅದರಲ್ಲಿ ಬ್ರಾಂದಿ ವಾಸನೆಯಿತ್ತು.

ಬಾಗಿಲು ತೆರೆದರೆ ಹೊಸ್ತಿಲ ಬಳಿಯೇ ನನ್ನ ನೆಗ್ಗಿದ ಲೋಟ. ಅದರ ಹೊರಮೈಗೆಲ್ಲ ಕಾಲುವೆಯ ಕೆಸರು, ಒಳಗೆ ತುಂಬ ಬ್ರಾಂದಿ. ನನ್ನ ಬಾಯಲ್ಲಿ ನೀರೂರಿತು.

“ನಾ ಕುಡ್ಯೂದಿಲ್ಲೋ ಅಣ್ಣಾ! ಬರೋ ವರ್ಷಾನೂ ನಿನಗ ಮಜ್ಜಿಗೀನಽ!” ಎಂದು ಫೋಟೋಕ್ಕೆ ಕೂಗಿ ಹೇಳಿ, ಆ ಬ್ರಾಂದಿಯನ್ನೂ ಬಚ್ಚಲಿಗೆ ಚೆಲ್ಲಿದೆ.

ಎಡೆ ತೆಗೆಯಲು ಬಗ್ಗಿದ ಅವ್ವ ಹಾಗೇ ನಿಂತುಬಿಟ್ಟಳು. ಅಣ್ಣನ ಲೋಟದಲ್ಲಿ ಮಜ್ಜಿಗೆ ಒಂದು ಹನಿಯೂ ಉಳಿದಿರಲಿಲ್ಲ.