ನೂರು ಹೆಜ್ಜೆ, ಐವತ್ತು ಹೆಜ್ಜೆ

ಪಂಚನಾಮೆಯಲ್ಲಿ ಇದನ್ನು ಬರೆಸಬೇಕೋ ಬೇಡವೋ? ಬರೆಸಿದರೆ, ನಿಮಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಬರೆಸದಿದ್ದರೆ ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. ಇನ್ಸ್‌ಪೆಕ್ಟರ್ ಕಾಲುವೆ ರಸ್ತೆಯ ನಡುವೆ ನಿಂತು, ಟೇಪು ಹಿಡಿದ ಕಾನ್‌ಸ್ಟೆಬಲ್‌ಗಳನ್ನು ನೋಡುತ್ತಿದ್ದರು.

ದೂರು ಠಾಣೆಗೆ ಬಂದದ್ದು ಬೆಳಿಗ್ಗೆ 8.20ಕ್ಕೆ. ಕಾರು ಮಗುಚಿ ಆಸ್ಪತ್ರೆ ಸೇರಿದ್ದವನ ಅಕ್ಕ ಬಂದಿದ್ದಳು. "ಯಾರೋ ರಸ್ತೆಗೆ ಮೊಳೆ ಪಟ್ಟಿ ಹಾಸಿದ್ದಾರೆ ಸಾರ್. ಇನ್ನೂ ರಸ್ತೆ ಮೇಲೇ ಬಿದ್ದಿರೋದನ್ನ ಕಣ್ಣಾರೆ ಕಂಡೆ. ಅಪಘಾತ ಅಂತ ಬರ್ಕೊಂಡು ಕೈ ತೊಳ್ಕೋಬೇಡಿ" ಎಂದವಳು, ಕುರ್ಚಿ ತೋರಿಸಿದರೂ ಕೂರಲಿಲ್ಲ. 8.50ಕ್ಕೆ ಎಫ್‌ಐಆರ್ ದಾಖಲಾಯಿತು.

ಸ್ಥಳದಲ್ಲಿ ಸಿಕ್ಕಿದ್ದು ಮೊಳೆಗಳನ್ನು ಬೆಸೆದ ಕಬ್ಬಿಣದ ಪಟ್ಟಿ, ಅದಕ್ಕೆ ಕಟ್ಟಿದ ಉದ್ದನೆಯ ಹಗ್ಗ. ಅದಕ್ಕೂ ಹಿಂದೆ, ರಸ್ತೆಯ ಅಂಚಿನಲ್ಲಿ, ಎರಡು ಹಳದಿ ಹಲಗೆಗಳು. ಎರಡರ ಮೇಲೂ ಅಗಲಿಸಿದ ಅಂಗೈಯ ಚಿತ್ರ.

"ಮೊದಲನೇ ಹಲಗೆಯಿಂದ ಪಟ್ಟಿಗೆ ಎಪ್ಪತ್ತೈದು ಮೀಟರ್. ಎರಡನೇದರಿಂದ ಮೂವತ್ತೇಳೂವರೆ" ಎಂದ ಹೆಡ್ ಕಾನ್‌ಸ್ಟೆಬಲ್. ಸೀನಿದರೂ ಸಮಯ ಬರೆದಿಡುವ ಅವನಿಗೆ ಠಾಣೆಯಲ್ಲಿ 'ಗಡಿಯಾರ' ಎಂದೇ ಹೆಸರು.

"ಮೂವತ್ತೇಳೂವರೆ ಅಂತ ಯಾರಾದ್ರೂ ಅಳೀತಾರಾ? ಇವನೇನು ದರ್ಜಿನಾ?" ಎಂದಳು ಮಹಿಳಾ ಕಾನ್‌ಸ್ಟೆಬಲ್.

ಇನ್ಸ್‌ಪೆಕ್ಟರ್ ಎರಡನೆಯ ಹಲಗೆಯಿಂದ ಪಟ್ಟಿಯವರೆಗೆ ನಡೆದರು. ಐವತ್ತು ಹೆಜ್ಜೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕವಾಯತಿನ ಹೆಜ್ಜೆ. ಸೈನ್ಯದ ಸಮವಸ್ತ್ರ ಬಿಚ್ಚಿಟ್ಟು ಪೊಲೀಸಿಗೆ ಸೇರಿ ಹತ್ತೊಂಬತ್ತು ವರ್ಷವಾಗಿದ್ದರೂ ಕಾಲು ಮರೆತಿರಲಿಲ್ಲ.

"ಬರ್ಕೋ. ನೂರು ಹೆಜ್ಜೆ, ಐವತ್ತು ಹೆಜ್ಜೆ. ಹಾಸಿದವನು ಸೈನ್ಯದಲ್ಲಿದ್ದವನು."

"ಅದು ಹೇಗೆ ಸಾರ್?"

"ಬರ್ಕೋ ಅಂದೆ."

11.15ಕ್ಕೆ ಹಾಲಿನ ವ್ಯಾನಿನ ಚಾಲಕ ಸಿಕ್ಕಿದ. ಮೂರು ದಿನದಿಂದ ಅದೇ ಜಾಗದಲ್ಲಿ ಯಾರೋ ಅಂಗೈ ತೋರಿಸಿ ತನ್ನನ್ನು ನಿಲ್ಲಿಸುತ್ತಿದ್ದನೆಂದೂ, ನಿಂತ ಮೇಲೆ ಹಗ್ಗ ಎಳೆದು ಪಟ್ಟಿ ಸರಿಸಿ, ಸಲ್ಯೂಟ್ ಹೊಡೆದು, 'ಉಪಕಾರ ಆಯ್ತು' ಎನ್ನುತ್ತಿದ್ದನೆಂದೂ ಹೇಳಿದ.

"ಠಾಣೆಗೆ ಯಾಕೆ ತಿಳಿಸ್ಲಿಲ್ಲ?"

"ನಿಮ್ಮೋನೇ ಅಂದ್ಕೊಂಡೆ ಸಾರ್. ಆಮೇಲೆ ಅನುಮಾನ ಬಂತು. ಇಷ್ಟು ಮರ್ಯಾದೆಯಾಗಿ ಪೊಲೀಸರು ಎಲ್ಲಿ ಮಾತಾಡ್ತಾರೆ ಅಂತ."

ಗಡಿಯಾರ ಆ ಕೊನೆಯ ಮಾತನ್ನು ಬರೆದುಕೊಳ್ಳಲಿಲ್ಲ.

12.40, ಆಸ್ಪತ್ರೆ. ಗಾಯಾಳುವಿನ ಎರಡೂ ಕಾಲು ಮುರಿದಿದ್ದವು. ಶಸ್ತ್ರಚಿಕಿತ್ಸೆಗೆ ಒಯ್ಯುವ ಮೊದಲು ಎರಡು ನಿಮಿಷ ಸಿಕ್ಕಿತು.

"ಅವನನ್ನ ನೋಡ್ಲಿಲ್ವಾ?"

"ನೋಡ್ದೆ ಸಾರ್. ಕೈ ತೋರಿಸ್ತಿದ್ದ. ಡ್ರಾಪ್ ಕೇಳ್ತಿದ್ದಾನೆ ಅಂದ್ಕೊಂಡೆ. ನಂಗೆ ಹೊತ್ತಾಗಿತ್ತು." ಅವನು ತುಟಿ ಒದ್ದೆ ಮಾಡಿಕೊಂಡ. "ಆಮೇಲೆ ಅವನೇ ನನ್ನ ಹೊರಗೆ ಎಳೆದು ಕಾಲಿಗೆ ಬೆಲ್ಟ್ ಬಿಗಿದ. ಅಳ್ತಿದ್ದ."

ಪಟ್ಟಿ ಹಿಡಿದು ವೆಲ್ಡಿಂಗ್ ಅಂಗಡಿಗಳನ್ನು ಸುತ್ತಿದರು. ನಾಲ್ಕನೆಯ ಅಂಗಡಿಯ ಮಾಲೀಕ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದವನೇ ಬೆವತ. "ನಮ್ಮ ಹುಡುಗನ ಕೈಕೆಲಸ ಸಾರ್. ಹುಡುಗ ಅಂದ್ರೆ ನಲವತ್ತಾಯ್ತು. ಸೈನ್ಯ ಬಿಟ್ಟು ಬಂದೋನು. ಇವತ್ತು ರಜಾ ಹಾಕಿದ್ದಾನೆ."

"ಇಂಥವು ಎಷ್ಟು ಮಾಡಿದ?"

ಮಾಲೀಕ ಮೂಲೆಯ ಕಬ್ಬಿಣದ ತುಂಡುಗಳನ್ನು ಜೋಡಿಸಿ ನೋಡಿದ. "ಎರಡು."

2.35ಕ್ಕೆ ಅವನ ಮನೆ. ಒಂದೇ ಕೋಣೆ. ಹೆಂಡತಿ ಬಾಗಿಲಲ್ಲೇ ನಿಂತು ಮಾತಾಡಿದಳು. "ಮನೆಯೊಳಗೂ ಹಂಗೇ ಸಾರ್. ನಾನು ನೀರು ತಗೊಂಡು ಬರ್ತಿದ್ರೆ ಅಂಗೈ ತೋರಿಸ್ತಾರೆ. ನಿಂತ್ರೆ ಉಪಕಾರ ಅಂತಾರೆ. ಮೊದಮೊದಲು ನಗು ಬರ್ತಿತ್ತು."

"ಈಗ ಎಲ್ಲಿದ್ದಾನಮ್ಮ?"

"ಶಾಲೆ ಹಿಂದಿನ ರಸ್ತೆ ಅಗಲ ಎಷ್ಟು ಅಂತ ನಿನ್ನೆ ಕೇಳ್ತಿದ್ರು."

ಗಡಿಯಾರ ತನ್ನ ವಾಚು ನೋಡಿಕೊಂಡ. "ಮೂರೂವರೆಗೆ ಶಾಲೆ ಬಿಡುತ್ತೆ ಸಾರ್."

3.19ಕ್ಕೆ ಹಳದಿ ಹಲಗೆ ಕಂಡಿತು. ಅದರಾಚೆ ಇನ್ನೊಂದು. ಅದರಾಚೆ ರಸ್ತೆಯ ನಡುವೆ ಒಬ್ಬನೇ ಗಂಡಸು. ಮೇಲೆತ್ತಿದ ಬಲ ಅಂಗೈ, ಎಡಗೈಯಲ್ಲಿ ಹಗ್ಗ.

"ಓಡಿಹೋಗ್ತಾನೆ ಸಾರ್, ಪಕ್ಕದ ಮಣ್ಣಿಗಿಳಿಸಿ ನುಗ್ಗಿಸ್ಲಾ?" ಎಂದ ಜೀಪಿನ ಚಾಲಕ.

"ನಿಲ್ಸು."

"ಸಾರ್..."

"ನಿಲ್ಸೋ!"

ಜೀಪು ಮೊದಲ ಹಲಗೆಯ ಬಳಿ ನಿಂತಿತು. ಹಿಂದಿನಿಂದ ಬರುವ ಗಾಡಿಗಳನ್ನು ತಡೆಯಲು ಮಹಿಳಾ ಕಾನ್‌ಸ್ಟೆಬಲ್ ಹಾರಿ ಇಳಿದು ಓಡಿದಳು. ಇನ್ಸ್‌ಪೆಕ್ಟರ್ ಎರಡೂ ಅಂಗೈ ಅಗಲಿಸಿಕೊಂಡು ನಡೆದರು. ಐವತ್ತಕ್ಕೆ, ಎರಡನೆಯ ಹಲಗೆಯ ಬಳಿ, ನಿಂತರು. ಆತ ಅವರ ಕಾಲುಗಳನ್ನೇ ನೋಡುತ್ತಿದ್ದ. ಆಮೇಲೆ ಹಗ್ಗ ಎಳೆದ. ಪಟ್ಟಿ ಕರಕರ ಸದ್ದು ಮಾಡುತ್ತ ಅಂಚಿಗೆ ಸರಿಯಿತು. ಆತ ಸಲ್ಯೂಟ್ ಹೊಡೆದ.

"ಉಪಕಾರ ಆಯ್ತು ಸಾರ್."

3.24, ದಸ್ತಗಿರಿ. ಶಾಲೆಯ ವ್ಯಾನು ಹೋದದ್ದು 3.37ಕ್ಕೆ.

ಠಾಣೆಯಲ್ಲಿ ಆತ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

"ಯುದ್ಧದ ಟೈಮಲ್ಲಿ, ಅವತ್ತು ತಪಾಸಣೆ ಗೇಟಿನಲ್ಲಿ ಮುಷ್ಟಿ ಎತ್ತಿದ್ದೆ ಸಾರ್. ನಮ್ಮಲ್ಲಿ ಮುಷ್ಟಿ ಅಂದ್ರೆ ನಿಲ್ಲು ಅಂತ. ಊರಿನವರಿಗೆ ಅದೆಲ್ಲಿ ಗೊತ್ತು? ಬರ್ತಿದ್ದ ಗಾಡೀಲಿ ಮುಂದೆ ಕೂತಿದ್ದ ಅಜ್ಜ ತಾನೂ ಮುಷ್ಟಿ ಎತ್ತಿ ನಕ್ಕ. ಜೈಕಾರ ಅಂದ್ಕೊಂಡ್ನೋ ಏನೋ. ಗಾಡಿ ನಿಲ್ಲಲಿಲ್ಲ."

"ಗುಂಡಿಗೆ ಎಷ್ಟು ಜನ ಸತ್ರು?"

"ಐದು. ಗಾಡೀಲಿ ಹಾಸಿಗೆ ಇತ್ತು, ಪಾತ್ರೆ ಇತ್ತು. ಇನ್ನೇನೂ ಇರ್ಲಿಲ್ಲ."

"ಇಲ್ಲಿ ಏನು ನೋಡ್ತಿದ್ದೆ?"

"ಅಂಗೈ ತೋರಿಸಿದ್ರೆ ನಿಲ್ತಿದ್ರಾ ಅಂತ. ಮೊಳೆ ಇಲ್ದೆ ನೋಡಿದ್ರೆ ಅದು ನಿಜವಾದ ಲೆಕ್ಕ ಆಗಲ್ಲ ಸಾರ್. ಎಲ್ರೂ ನಿಂತ್ರು. ಈ ಕಾರಿನೋನೊಬ್ಬ ನೋಡ್ಲೇ ಇಲ್ಲ. ಅದಕ್ಕೇ ಇನ್ನೊಂದ್ಸಲ..."

"ನೋಡ್ದ" ಎಂದರು ಇನ್ಸ್‌ಪೆಕ್ಟರ್. "ಡ್ರಾಪ್ ಕೇಳ್ತಿದ್ದೀಯ ಅಂದ್ಕೊಂಡ."

ಆತ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಹೊರಗೆ ಯಾರೋ ಬೈಕ್ ಶುರು ಮಾಡಿದರು.

"ಹಾಗಾದ್ರೆ ಯಾವ ಕೈ ತೋರಿಸ್ಬೇಕು ಸಾರ್?"

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು.

"ನಿಮ್ಮ ಹೆಜ್ಜೆ ನೋಡ್ದೆ" ಎಂದ ಆತ. "ಯಾವ ತುಕಡಿ ಸಾರ್?"

"ಇವನನ್ನ ಒಳಗೆ ಕರ್ಕೊಂಡು ಹೋಗು" ಎಂದು ಗಡಿಯಾರನಿಗೆ ಹೇಳಿದರು. ಅವನು 5.10 ಎಂದು ಬರೆದುಕೊಂಡು ಆತನ ತೋಳು ಹಿಡಿದ.

ಆರೋಪಪಟ್ಟಿಯಲ್ಲಿ ಕಾರಣದ ಸಾಲಿಗೆ ಬಂದದ್ದು ಇಷ್ಟು: ಯುದ್ಧದಲ್ಲಿ ತನ್ನ ಕೈಯಿಂದಾದ ನಾಗರಿಕರ ಸಾವಿನ ನೆನಪು. ಕೆಳಗೆ ಇನ್ಸ್‌ಪೆಕ್ಟರ್ ಸಹಿ ಹಾಕಿದರು.

ಅಂಥದೇ ಒಂದು ಗೇಟಿನಲ್ಲಿ ಅವರೂ ಮುಷ್ಟಿ ಎತ್ತಿದ್ದರು. ಅವರೆದುರು ಬಂದ ಗಾಡಿ ನಿಂತಿತ್ತು. ನಿಂತ ಮೇಲೂ ಅವರು ಗುಂಡು ಹಾರಿಸಿದ್ದರು. ಇದನ್ನು ಅವರು ಆತನಿಗೆ ಹೇಳಲಿಲ್ಲ, ಎಂದೂ ಯಾರಿಗೂ ಹೇಳಲಿಲ್ಲ.