ಈ ನಗು ಟ್ರಸ್ಟಿಗಾ, ನನಗಾ?

“ಅಡುಗೆಮನೆ ಒಂದ್ಸಲ ನೋಡಬಹುದಾ?”

ಬಂದು ಒಂದು ಲೋಟ ನೀರು ಕುಡಿದಿದ್ದ, ಅಷ್ಟೇ. ಅಷ್ಟಕ್ಕೇ ಈ ಮಾತು! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಭಾನುವಾರ ಒಬ್ಬ ಹುಡುಗ ನಿನ್ನನ್ನು ನೋಡಲು ಬರುತ್ತಾನೆ ಎಂದು ಚಿಕ್ಕಮ್ಮ ಹೇಳಿಕಳಿಸಿದ್ದಳು. ಬೇಡವೆಂದರೆ ಕೇಳುವ ಹೆಂಗಸಲ್ಲ ಅವಳು. ಇವತ್ತೇ ಭಾನುವಾರ, ಇವನೇ ಆ ಹುಡುಗ ಇರಬೇಕು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಮುಖದಲ್ಲಿ ಸ್ವಲ್ಪ ನಾಚಿಕೆ. ನೋಡಲು... ಹೂಂ, ಪರವಾಗಿಲ್ಲ. ಆದರೆ ಕೇಳುವ ರೀತಿ ನೋಡಿ!

“ನೋಡಿ. ಡಬ್ಬಿಗಳ ಮುಚ್ಚಳವನ್ನೂ ತೆಗೆದು ನೋಡಿ,” ಎಂದಳು ಹಲ್ಲು ಕಚ್ಚಿ.

ಅವನು ನಿಜಕ್ಕೂ ಹೋಗಿ ನೋಡಿದ! ವಾಪಸು ಬಂದು ಕುರ್ಚಿಯ ತುದಿಯಲ್ಲಿ ಕೂತ.

“ಮನೆ ಸ್ವಂತದ್ದಾ, ಬಾಡಿಗೆದಾ?”

“ಬಾಡಿಗೆ.”

“ದುಡಿಯೋರು?”

“ನಾನೊಬ್ಬಳೇ. ಫೋಟೊ ಫ್ರೇಮ್ ಅಂಗಡೀಲಿ ಗಾಜು ಕತ್ತರಿಸ್ತೀನಿ. ಅಪ್ಪ ಇಲ್ಲ. ಅಮ್ಮನಿಗೆ ಮಂಡಿನೋವು, ಒಳಗೆ ಮಲಗಿದ್ದಾಳೆ. ಮದುವೆ ಆದ್ಮೇಲೂ ನಾನು ಕೆಲಸ ಬಿಡಲ್ಲ, ಈಗಲೇ ಹೇಳಿರ್ತೀನಿ!”

ಅವನು ಕಣ್ಣು ಪಿಳಿಪಿಳಿ ಬಿಟ್ಟ. “ಬಿಡಿ ಅಂತ... ಯಾರು ಹೇಳಿದ್ರು?”

“ಯಾರೂ ಹೇಳೋದು ಬೇಡ. ನನ್ನದು ಇಷ್ಟೆಲ್ಲ ಕೇಳಿದ್ರಲ್ಲ, ನಿಮ್ಮ ಸಂಬಳ ಎಷ್ಟು, ಅದನ್ನ ಹೇಳಿ.”

“ನನ್ನದಾ? ಈ ಕೆಲಸಕ್ಕೆ ನನಗೆ ಸಂಬಳ ಇಲ್ಲ.”

“ಸಂಬಳ ಇಲ್ದೇನೇ ಹೆಣ್ಣು ಕೇಳೋಕೆ ಬಂದ್ರಾ! ಏನು ಧೈರ್ಯಾರೀ ನಿಮಗೆ!”

ಅಷ್ಟರಲ್ಲಿ ಹೊರಗಿನಿಂದ ತಂಗಿ ಬಂದಳು. ಮಾತಿನಲ್ಲಿ ಕುಟುಕುವುದು ಅವಳಿಗೆ ಹುಟ್ಟುಗುಣ, ಅದಕ್ಕೇ ಮನೆಯಲ್ಲಿ ಅವಳ ಹೆಸರು ಚೇಳು. ಅಂಥ ಚೇಳಿನ ಬಾಯಿಯೂ ಅವನನ್ನು ಕಂಡು ಕಟ್ಟಿಹೋಯಿತು.

“ಅಕ್ಕಾ... ಇವರು ಟ್ರಸ್ಟಿನವರು ಕಣೇ! ನನ್ನ ಕಾಲೇಜು ಫೀಸಿಗೆ ಅರ್ಜಿ ಹಾಕಿದ್ದೆನಲ್ಲ!”

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ.

ಅವನ ತಾತ ಕಟ್ಟಿದ ಟ್ರಸ್ಟು ಅದು. ಪ್ರತಿ ವರ್ಷ ಬಡ ಮಕ್ಕಳ ಶಾಲೆಗಳಿಗೆ ಪುಸ್ತಕ, ಕಾಲೇಜು ಹುಡುಗರಿಗೆ ಫೀಸು, ದಿಕ್ಕಿಲ್ಲದ ಮುದುಕರಿಗೆ ತಿಂಗಳ ದಿನಸಿ ಕೊಡುತ್ತಿದ್ದರು. ಅದಕ್ಕೆ ಮೊದಲು ಅರ್ಜಿ ಹಾಕಿದ ಪ್ರತಿ ಮನೆಗೂ ತಾತನ ಮನೆಯವರೇ ಹೋಗಬೇಕು, ಗುಮಾಸ್ತರನ್ನು ಕಳಿಸಕೂಡದು, ಬರುವ ದಿನವನ್ನು ಮುಂಚೆ ತಿಳಿಸಕೂಡದು. ನೀರು ಕೇಳಿ ಕುಡಿದು, ಒಲೆಯ ಕಡೆ ಒಮ್ಮೆ ನೋಡಿ ಬರಬೇಕು. ತಾತ ಹಾಕಿದ ಪದ್ಧತಿ.

ಅವನು ಎದ್ದು ನಿಂತು, ತಡೆಯಲಾರದೆ ನಕ್ಕುಬಿಟ್ಟ. “ಎಷ್ಟು ಮನೆಗೆ ಹೋಗಿದ್ದೀನಿ, ನನ್ನ ಸಂಬಳ ಕೇಳಿದ್ದು ಮಾತ್ರ ನೀವೊಬ್ಬರೇ!”

ಆ ನಗು ಅವಳ ಎದೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತು.

ಚಿಕ್ಕಮ್ಮ ಹೇಳಿದ ಹುಡುಗ ಅವತ್ತು ಬರಲೇ ಇಲ್ಲ. ಮುಂದಿನ ವಾರ ಟ್ರಸ್ಟಿನವನು ಅವಳ ಅಂಗಡಿಗೇ ಬಂದ. ಕೈಯಲ್ಲಿ ತಾತನ ಫೋಟೊ, ಗಾಜು ಬಿರುಕು ಬಿಟ್ಟಿತ್ತು. ಆಮೇಲೆ ಅಜ್ಜಿಯ ಫೋಟೊ ಬಂತು. ಆಮೇಲೆ ಯಾರೋ ದೂರದ ಮಾವನದು.

“ನಿಮ್ಮನೇಲಿ ಗೋಡೆ ಉಳಿದಿದೆಯೋ, ಇಲ್ವೋ?” ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂದರೂ ಅವಳು ಕೇಳಲಿಲ್ಲ. ಚೇಳಿನ ಫೀಸು ಇವನ ಕೈಯಲ್ಲಿದೆಯಲ್ಲ! ಸ್ಟೂಲು ಒರೆಸಿ ಕೊಟ್ಟಳು. ಚಹಾ ತರಿಸಿದಳು. ನಕ್ಕಳು.

ಅವನು ಹೋದ ಮೇಲೆ ಪೇಚಾಟ ಶುರು. ಈಗ ನಾನು ನಕ್ಕಿದ್ದು ಯಾಕೆ? ಅವನು ಬಂದನೆಂದೋ, ತಂಗಿಯ ದಾರಿ ಕೆಡಬಾರದೆಂದೋ? ಬಾರದ ದಿನ ಕಣ್ಣು ಬೀದಿಯ ಮೇಲಿರುತ್ತದಲ್ಲ, ಅದು ಯಾವ ಲೆಕ್ಕ? ಛೇ, ನಾನು ಇಂಥವಳಾ...

ಒಂದು ಮಧ್ಯಾಹ್ನ ಅವನೇ ಕೇಳಿಬಿಟ್ಟ.

“ಅವತ್ತು ಎಷ್ಟು ಚೆನ್ನಾಗಿ ಬೈದ್ರಿ! ಈಗ ಮಾತಾಡಿದ್ದಕ್ಕೆಲ್ಲ ನಗ್ತೀರ. ನಿಜ ಹೇಳಿ... ಈ ನಗು ಟ್ರಸ್ಟಿಗಾ, ನನಗಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜ ಏನೆಂದು ಅವಳಿಗೇ ತಿಳಿಯದು.

“ಗೊತ್ತಿಲ್ಲ,” ಎಂದಳು.

ಅವನ ಮುಖ ಬಾಡಿತು. ಫೋಟೊ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಮತ್ತೆ ಬರಲೇ ಇಲ್ಲ!

ಮನೆಗೆ ಬಂದದ್ದು ಅವನ ದೊಡ್ಡಮ್ಮ. ನೇರ ಮಾತಿನ, ನೇರ ಬೆನ್ನಿನ ಹೆಂಗಸು. ನೀರು ಕುಡಿದರು, ಅಡುಗೆಮನೆ ನೋಡಿದರು.

“ಈ ಮನೆ ವಿಷಯ ನನ್ನಿಂದ ಆಗಲ್ಲ, ನೀವೇ ಹೋಗಿ ಅಂದ ನಮ್ಮ ಹುಡುಗ. ಯಾಕಪ್ಪಾ ಅಂದ್ರೆ ಬಾಯಿ ಬಿಡಲಿಲ್ಲ.”

ಅಷ್ಟು ಬೇಸರವಾದೆನೇ ನಾನು? ಹೊಸಿಲು ತುಳಿಯಲಾರದಷ್ಟು?

ದೊಡ್ಡಮ್ಮ ಅವಳ ಕೈ ಹಿಡಿದುಕೊಂಡರು. “ತಪ್ಪು ತಿಳೀಬೇಡಮ್ಮ. ನಿಮ್ಮನೇಲಿ ದುಡಿಯೋ ಕೈ ಇದೆ. ಒಲೆನೇ ಹಚ್ಚದ ಮನೆಗಳನ್ನ ನೋಡ್ಕೊಂಡು ಬರ್ತಿದ್ದೀನಿ. ಈ ವರ್ಷ ನಿಮಗೆ ಆಗಲ್ಲ.”

ಸಿಟ್ಟು ಮಾಡಿಕೊಳ್ಳೋಣವೆಂದರೆ, ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಅವರು ಹೋದ ಮೇಲೆ ಚೇಳು ಒಂದಷ್ಟು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಹೇಳಿದಳು: “ಔಷಧಿ ಅಂಗಡೀಲಿ ಸಂಜೆ ಕೆಲಸಕ್ಕೆ ಕರೀತಿದ್ದಾರೆ. ಹತ್ತಿರದ ಕಾಲೇಜಲ್ಲಿ ಫೀಸೂ ಕಮ್ಮಿ. ನೀನು ಸಪ್ಪೆ ಮೋರೆ ಹಾಕ್ಬೇಡ. ಅಲ್ಲಾ, ನೀನು ಅಳ್ತಿರೋದು ನನ್ನ ಫೀಸಿಗಾ, ಆ ಪೆನ್ನು ಸಾಹೇಬರಿಗಾ?”

“ಸುಮ್ನಿರೇ!”

ಸುಮ್ಮನಿರೇ ಎಂದಳೇ ಹೊರತು ಫೀಸಿಗೆ ಎನ್ನಲಿಲ್ಲ. ಅದನ್ನು ಅವಳೇ ಗಮನಿಸಿ ಬೆಚ್ಚಿದಳು.

ವಾರಗಳು ಉರುಳಿದವು. ಒಂದು ಬೆಳಗ್ಗೆ ಅವಳು ಬಗ್ಗಿ ಗಾಜಿನ ಮೇಲೆ ಗೀರು ಎಳೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ತಲೆಯೆತ್ತಿದಳು. ಗಾಜು ಚಟ್ಟೆಂದು ಅಡ್ಡಾದಿಡ್ಡಿ ಸೀಳಿತು.

ಅವನು! ಬರಿಗೈಯಲ್ಲಿ ನಿಂತಿದ್ದ.

“ಈ ವರ್ಷದ ಮನೆಗಳೆಲ್ಲ ನಿನ್ನೆಗೆ ಮುಗಿದವು,” ಎಂದ. “ಮುಗಿಯೋವರೆಗೂ ಈ ಕಡೆ ಬರಬಾರದು ಅಂತ ಕಟ್ಟು ಹಾಕ್ಕೊಂಡಿದ್ದೆ.”

“ನಮ್ಮನೆ ವಿಷಯ ನಿಮ್ಮಿಂದ ಆಗಲ್ಲ ಅಂದ್ರಂತೆ...”

“ಹೇಗಾಗುತ್ತೆ? ತಕ್ಕಡಿ ಹಿಡಿದ್ರೆ ನಿಮ್ಮ ಕಡೆಗೇ ವಾಲ್ತಿತ್ತು. ಇನ್ನೊಬ್ಬರ ಮಗು ಪಾಲು ನಿಮಗೆ ಹಾಕಿಬಿಟ್ಟೇನು ಅಂತ ಭಯ ಆಯ್ತು. ಏನಾಯ್ತು ಅಂತ ದೊಡ್ಡಮ್ಮನನ್ನೂ ಕೇಳಿಲ್ಲ, ನಿಮ್ಮಾಣೆ.”

ಅಯ್ಯೋ! ಬೇಸರವಲ್ಲ... ಇಷ್ಟು ದಿನ ನಾನು ಅಂದುಕೊಂಡದ್ದೇ ಬೇರೆ!

“ಸಿಗಲಿಲ್ಲ,” ಎಂದಳು ಮೆಲ್ಲಗೆ.

ಅವನ ಬಣ್ಣವೇ ಇಳಿಯಿತು. ಏನೋ ಹೇಳಲು ಬಾಯಿ ತೆರೆದ.

“ನುಂಗಿಬಿಡಿ ಆ ಮಾತು.”

“ಯಾವ ಮಾತು?”

“ಫೀಸು ನಾನು ಕೊಡ್ತೀನಿ ಅನ್ನೋದು. ಗಂಟಲವರೆಗೂ ಬಂದಿತ್ತು, ಅಲ್ವಾ?”

“ಬಂದಿತ್ತು,” ಎಂದು ಒಪ್ಪಿಕೊಂಡ. ನಿಜಕ್ಕೂ ನುಂಗಿದ. ಅವಳಿಗೆ ನಗು ಬಂತು, ಜೊತೆಗೇ ಕಣ್ಣೀರೂ.

“ಚೇಳು ತನ್ನ ದಾರಿ ತಾನೇ ಹುಡುಕ್ಕೊಂಡಳು. ಈಗ ನಿಮ್ಮ ಮನೆಯಿಂದ ನಮಗೆ ಆಗಬೇಕಾದ್ದು ಒಂದು ಕಡ್ಡಿಯಷ್ಟೂ ಇಲ್ಲ. ಆದ್ರೂ ನೀವು ಕಂಡ ತಕ್ಷಣ ನನ್ನ ಕೈ ಜಾರ್ತು, ನೋಡಿ...” ಸೀಳಿದ ಗಾಜನ್ನು ತೋರಿಸಿದಳು. “ಅವತ್ತು ಗೊತ್ತಿಲ್ಲ ಅಂದೆನಲ್ಲ. ಇವತ್ತು ಗೊತ್ತಾಯ್ತು.”

“ಏನು?”

“ಯಾರಿಗೆ ಅಂತ.”

ಅವನು ಕರ್ಚೀಫಿನಿಂದ ಮುಖ ಒರೆಸಿಕೊಂಡು, “ಹಾಗಾದ್ರೆ ನಾನು... ಏನು ಕೊಡಲಿ?” ಎಂದ.

“ಥೂ, ಕೊಟ್ಟು ಕೊಟ್ಟು ಕೆಟ್ಟುಹೋಗಿದ್ದೀರ! ಏನೂ ಬೇಡ. ಅಲ್ಲಿ ಕೂತ್ಕೊಳ್ಳಿ, ಸುಮ್ಮನೆ.”

ಕೂತ. ಅವಳು ಚೂರುಗಳನ್ನು ಒಟ್ಟುಮಾಡಿದಳು. ಬಿಸಿಲು ಇಬ್ಬರ ಕಾಲ ಬಳಿಗೆ ಬಂದು ನಿಂತಿತು.

“ನಾಳೆನೂ ಬರ್ಲಾ?”

“ಬರೋರು ಬರ್ತಾರೆ. ಬಾ ಅಂತ ನನ್ನ ಬಾಯಿಂದ ಕೇಳೋ ಆಸೆನಾ?”

“ಹೂಂ. ಒಂದ್ಸಲ.”

ಅವಳು ಬೀದಿಯ ಕಡೆ ನೋಡಿದಳು, ಒಳಗಿದ್ದ ಅಂಗಡಿ ಮಾಲೀಕರ ಕಡೆ ನೋಡಿದಳು, ಕೊನೆಗೆ ಅವನ ಕಡೆ.

“ಬಾ,” ಎಂದಳು.