ಸಾಸಿವೆಯಷ್ಟು ಬಿಳಿ ಚುಕ್ಕೆ

ಬಹಳ ಹಿಂದೆ, ಬೆಟ್ಟಗಳು ಮಾತನಾಡುತ್ತಿದ್ದ ಕಾಲದಲ್ಲಿ, ಹೊಂದೆನೆ ಎಂಬ ರಾಜ್ಯವಿತ್ತು. ಅಲ್ಲಿಯ ಜೋಳದ ಹೊಲದಲ್ಲಿ ಅಟ್ಟಣೆಯೇರಿ, ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದವಳು ತುಂಗವ್ವ. ಅವಳ ಕೈಯಲ್ಲಿ ಬಲವಿತ್ತು, ಗುರಿ ಮಾತ್ರ ಇರಲಿಲ್ಲ.

ಒಂದು ದಿನ ಕರಾಳನೆಂಬ ಮಾಂತ್ರಿಕನು ಊರಿನವರನ್ನೆಲ್ಲ ಗಿಳಿಗಳನ್ನಾಗಿ ಮಾಡಿದನು. ತುಂಗವ್ವನ ತಾಯಿಯೂ ಗಿಳಿಯಾದಳು. ಹೊಲದಲ್ಲಿದ್ದ ತುಂಗವ್ವ ಮತ್ತು ಅವಳ ಸೋದರತ್ತೆ ಕೆಂಚವ್ವ ಇಬ್ಬರೇ ಉಳಿದರು. ಆಗ ಬೆಟ್ಟವು ನುಡಿಯಿತು: “ಮಾಂತ್ರಿಕನ ಪ್ರಾಣವೂ ಅದೇ ಹಿಂಡಿನ ಒಂದು ಗಿಳಿಯಲ್ಲಿದೆ. ಅದರ ಹಣೆಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆಯಿದೆ.”

“ಗುರಿ ತಪ್ಪಿದರೆ ಅವ್ವನಿಗೇ ತಗುಲೀತಲ್ಲ, ಅತ್ತೆ!”

“ತಪ್ಪುವುದು ನಿನ್ನ ಕೈಯಲ್ಲ ಕಣೇ ಹುಡುಗಿ, ಕಣ್ಣು. ಕಲ್ಲು ಬಿಡುವ ಮೊದಲೇ ಮದುವೆ ಊಟಕ್ಕೆ ಓಡುವವರ ಹಾಗೆ ಓಡುತ್ತದೆ!”

ಅತ್ತೆ ಒಂದು ತೆನೆಯನ್ನು ದೂರದಲ್ಲಿ ಕಟ್ಟಿದಳು. “ತೆನೆ ನೋಡಬೇಡ, ಅದರ ಒಂದೇ ಕಾಳು ನೋಡು. ಕಲ್ಲು ಹೋದ ಮೇಲೂ ಮೂರು ಉಸಿರು ಅಲ್ಲೇ ನೋಡು.”

ಮೊದಲ ವಾರ ಕಲ್ಲುಗಳೆಲ್ಲ ಬೇಲಿಗೆ ಬಿದ್ದವು. ಎರಡನೆಯ ವಾರ ತೆನೆ ಅಲುಗಿತು. ಮೂರನೆಯ ವಾರ ಆರಿಸಿದ ಕಾಳೊಂದೇ ಉದುರಿತು.

ಮರುದಿನ ಬೆಳಿಗ್ಗೆ ಹಿಂಡು ಹೊಲಕ್ಕಿಳಿಯಿತು. ತುಂಗವ್ವ ಬಿಳಿ ಚುಕ್ಕೆಯಲ್ಲಿ ಕಣ್ಣು ನೆಟ್ಟು ಕವಣೆ ತಿರುಗಿಸಿದಳು. ಮಾಂತ್ರಿಕನು ಎಡಗಡೆ ಹುಲಿಯಾಗಿ ಗರ್ಜಿಸಿದನು, ಅವಳು ನೋಡಲಿಲ್ಲ. ಬಲಗಡೆ ಮುತ್ತಿನ ಮಳೆ ಸುರಿಸಿದನು, ಅವಳು ನೋಡಲಿಲ್ಲ. ಕೊನೆಗೆ ಬೆನ್ನ ಹಿಂದೆ ನಿಂತು ತಾಯಿಯ ದನಿಯಲ್ಲಿ ಕರೆದನು: “ತುಂಗೀ, ನನ್ನ ಕಂದಾ, ಇತ್ತ ನೋಡೇ!”

ಎದೆ ಹಾರಿತು. ಕಣ್ಣು ಹಾರಲಿಲ್ಲ. ಕಲ್ಲು ಹೋಯಿತು.

ಒಂದು ಉಸಿರು. ಎರಡು. ಮೂರು. ಬಿಳಿ ಚುಕ್ಕೆಯ ಗಿಳಿ ಬೂದಿಯಾಗಿ ಉದುರಿತು. ಮಾಂತ್ರಿಕನೂ ನಿಂತಲ್ಲೇ ಬೂದಿಯಾದನು. ಉಳಿದ ಗಿಳಿಗಳ ಒಂದು ಗರಿಯೂ ಕೊಂಕಲಿಲ್ಲ. ಜೋಳದ ಸಾಲುಗಳ ನಡುವೆ ಊರಿನವರೆಲ್ಲ ಎದ್ದು ನಿಂತರು.

“ತುಂಗೀ!” ಎಂದು ಬೆನ್ನ ಹಿಂದೆ ಮತ್ತೆ ಕರೆ ಬಂತು. ತುಂಗವ್ವ ತಿರುಗಲೇ ಇಲ್ಲ.

“ಇವಳಿಗೇನಾಯಿತು ಕೆಂಚವ್ವ? ಹೆತ್ತವಳು ಕರೆದರೂ ನೋಡಳಲ್ಲ!”

ಕೆಂಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆಯೆತ್ತಿ ನಕ್ಕಳು. “ಹಾಗೆ ಕಲಿಸಿದವಳು ನಾನೇ, ಅತ್ತಿಗೆ. ತುಂಗೀ, ಇನ್ನು ನೋಡೇ. ಇದು ನಿನ್ನ ಅವ್ವನೇ.”

ಆಗ ತುಂಗವ್ವ ತಿರುಗಿದಳು.

ಆ ವರ್ಷದಿಂದ ಹೊಂದೆನೆಯ ಅರಸನು ತನ್ನ ಬಿಲ್ಲಾಳುಗಳನ್ನು ಅರಮನೆಯಿಂದ ಆ ಜೋಳದ ಹೊಲಕ್ಕೇ ಕಳುಹಿಸಿದನು, ಕಣ್ಣು ನಿಲ್ಲಿಸುವುದನ್ನು ಕಲಿತು ಬರಲೆಂದು. ಬೆಟ್ಟಗಳು ತುಂಗವ್ವನ ಹೆಸರು ಹೇಳಿದವು. ಊರಿನವರು ಬಿಸಿರೊಟ್ಟಿ ಹಂಚಿಕೊಂಡು ತಿಂದು, ನೂರು ಸುಗ್ಗಿ ಕಂಡು ಸುಖವಾಗಿ ಬಾಳಿದರು.